ಹಗುರ ಗಾಳ ತಗೊಳ್ಳೋದೋ, ಭಾರಿ ಗಾಳ ತಗೊಳ್ಳೋದೋ?

ಉಣಕಲ್ ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ಸಣ್ಣಂವ ಇದ್ದಾಗಿಂದ ಅಜ್ಜನ ಜೊತಿ ಬಿದಿರ ಕೋಲು ಹಿಡಕೊಂಡು ಕಲಘಟಗಿ ಕಡೆ ಕೆರಿ ದಂಡ್ಯಾಗ ಕುಂತು ಬೆಳದಂವ ನಾನು. ಈಗ ರೀಲ್ ಇರೂ ಒಂದು ಕೋಲು ತಗೊಬೇಕು ಅಂತ ಮಾಡೇನಿ. ಒಂದ ಕೋಲಿಗೆ ಆಗೂವಷ್ಟ ರೊಕ್ಕ ಐತಿ, ಎರಡಕ್ಕಿಲ್ಲ. ಹುಬ್ಬಳ್ಳ್ಯಾಗ ಒಂದು ಅಂಗಡಿಯವರು 8 ಫೂಟಿನ ದಪ್ಪ ಕೋಲು, 30 ಪೌಂಡಿನ ದಾರ ತಗೀರಿ, ಎಂಥಾ ಮೀನ ಬಂದ್ರೂ ಹರಿಯೂದಿಲ್ಲ ಅಂತಾರ. ಗೆಳ್ಯಾ ಒಬ್ಬಂವ, ಅದು ಸಮುದ್ರದ ಕೋಲು, ಕೆರಿಗೆ ಹಗುರದ್ದ ಬೇಕು ಅಂತಾನ.

ಹೋದ ಐತವಾರ ಅವನ ಹಗುರ ಕೋಲು ತಗೊಂಡು ಹೋಗಿದ್ದೆ. 6 ಪೌಂಡಿನ ತಂಗೂಸಿ, ಅಂದ್ರ ಒಂದ ಎಳಿ ನೈಲಾನ್ ದಾರ. ನೀರ ಮ್ಯಾಲೆ ತೇಲೂ ಬೆಂಡು ಒಮ್ಮೆ ನಡುಗಿತು, ಆಮ್ಯಾಲೆ ಅಡ್ಡಕ್ಕ ಸರದು ಒಳಗ ಹೋತು. ಎತ್ತಿದೆ. ಹತ್ತು ಎಣಸೂದ್ರಾಗ ಮೀನ ಸೀದಾ ಆಪಿನ (ದಂಡಿಗೆ ಬೆಳೆಯೂ ಜೊಂಡಿನ) ಒಳಗ ನುಗ್ಗಿ ದಂಟಿಗೆ ದಾರ ಸುತ್ತಿ ನಿಂತು ಬಿಡ್ತು. ಜಗ್ಗಿದೆ, ಟಪ್ಪಂತ ಹರೀತು. ಮೀನ ಹೋಗಿದ್ದಕ್ಕ ಬ್ಯಾಸರಿಲ್ಲ. ಗಾಳ ಅದರ ಬಾಯಾಗ ಉಳೀತಲ್ಲ, ಅದು ಎರಡ ದಿನ ನನ್ನ ತಲ್ಯಾಗ ಉಳೀತು. ತಿಳದವರು ಹೇಳ್ರಿ. ಹೆಚ್ಚಾಗಿ ಹೋಗೂದು ಕಲಘಟಗಿ ಕಡೆ ಕೆರಿಗೆ, ಆಗಾಗ ಹಾವೇರಿ ಕಡೆ ಬೀಗರ ಊರಾಗ ವರದಾ ಹೊಳಿಗೆ.

ವರದೆಯ ದಂಡಿ
ನಿಮ್ಮ ಪ್ರಶ್ನೆದಾಗ ಎಲ್ಲಾರೂ ಮಾಡೂ ಒಂದು ತಪ್ಪು ಐತ್ರಿ. ಎಷ್ಟು ದೊಡ್ಡ ಮೀನ ಬರತೈತಿ ಅಂತ ನೋಡಿ ಕೋಲು ಆರಿಸಬ್ಯಾಡ್ರಿ. ಮೀನ ಓಡಿ ಹೋಗಿ ಎಲ್ಲೆ ಹೊಕ್ಕೊಂತೈತಿ ಅಂತ ನೋಡಿ ಆರಸ್ರಿ.

6 ಪೌಂಡ್ ಅಂದ್ರ 2.7 ಕೆಜಿ. ಇದು 2.7 ಕೆಜಿ ಮೀನದ ಲೆಕ್ಕ ಅಲ್ಲ, ಒಣ ದಾರ ಗಂಟಿಲ್ಲದ ತಡಕೊಳ್ಳೂ ಜಗ್ಗಾಟದ ಲೆಕ್ಕ. ನೀರಿನಾಗ ಮೀನಕ್ಕ ಹೆಚ್ಚು ಕಡಿಮಿ ತೂಕನ ಇರೂದಿಲ್ಲ, ದಾರಕ್ಕ ಬೀಳೂದು ಅದರ ಓಟದ ಭಾರ. ಬಯಲು ನೀರು ಇತ್ತಂದ್ರ, ರೀಲಿನ ಡ್ರ್ಯಾಗ್ ಸರಿ ಇತ್ತಂದ್ರ, 6 ಪೌಂಡಿನ ದಾರದಾಗ 3 ಕೆಜಿ ರೋಹು ತರಬಹುದು. ನಾ ತಂದೇನಿ. ಹಾವೇರಿ ತಾಲೂಕಿನ್ಯಾಗ ವರದೆ ಉಸುಕು, ಕೆಸರಿನ ಮ್ಯಾಲೆ ಹರೀತಾಳ. ಬ್ಯಾಸಗ್ಯಾಗ ಮಡುಗಳಷ್ಟ ಉಳೀತಾವು. ಆ ಮಡುವಿನ್ಯಾಗ ಮೀನ ಎಲ್ಲೆ ಓಡಿದ್ರೂ ತಡಿಯೂ ಗಿಡ ಇಲ್ಲ, ಕಲ್ಲಿಲ್ಲ. ಅಲ್ಲೆ 30 ಪೌಂಡ್ ಯಾಕ ಬೇಕು?

ಆದ್ರ ನಿಮ್ಮ ಕೆರ್ಯಾಗ ದಂಡಿಗುಂಟ ಆಪು ನಿಂತೈತಿ. ಅಲ್ಲೆ ಒಂದು ಕೆಜಿ ಮೀನಕ್ಕೂ 6 ಪೌಂಡ್ ಸಾಲೂದಿಲ್ಲ. ಮೀನ ಸಣ್ಣದು, ಜಾಗ ಕೆಟ್ಟದ್ದು.

ಮುಂಡರಗಿಯ ಹೊಳೆ
ವರದೆಯವರ ಮಾತು ಅರ್ಧ ಒಪ್ಪತೀನಿ. ನಾ ಹೋಗೂದು ತುಂಗಭದ್ರೆಗೆ, ಹಮ್ಮಿಗಿ ಬ್ಯಾರೇಜಿನ ಆಜು ಬಾಜು ಊರುಗಳ ದಂಡಿಗೆ. ಬುಡಕ್ಕೆಲ್ಲಾ ಬಂಡಿಗಲ್ಲು. ಬಾಳೆಮೀನ ಬಡೀತಂದ್ರ ಮೊದಲನೇ ಓಟದಾಗ ಅದು ಕಲ್ಲಿನ ಸಂದಿ ಹುಡುಕತೈತಿ. ಅಲ್ಲೆ ಹಗುರ ಕೋಲು ಹಿಡದು ನಿಂತಂವ ಮೀನಕ್ಕ ಗಾಳ ಚುಚ್ಚಿ ಕಳಸೂದಷ್ಟ ಮಾಡ್ತಾನ.

ಆದ್ರ ಭಾರಿ ದಾರ ಹಾಕಿದ್ರ ಮುಗೀತು ಅಂತ ತಿಳಕೊಂಡು ನಾನೂ ಕೆಟ್ಟೇನಿ. 40 ಪೌಂಡಿನ ಬ್ರೇಡ್ ಹಾಕಿದ್ದೆ, 18 ಕೆಜಿ ತಡೀಬೇಕು. ಸಂಜಿಮುಂದ ಒಂದು ದೊಡ್ಡ ಬಾಳೆ ಹಿಡೀತು, ಬಂಡಿಗಲ್ಲಿನ ಅಂಚಿಗೆ ದಾರ ಒಮ್ಮೆ ತಿಕ್ಕಿತು, ಹೋತು. ಜೋರಾಗಿ ಜಗ್ಗಿದ್ದ ನೆನಪ ಇಲ್ಲ. ದಂಡಿಗೆ ಕುಂತು ತುದಿ ನೋಡಿದ್ರ ಹತ್ತಿ ಬತ್ತಿಯಂಗ ಬಿಚ್ಚಿಕೊಂಡು ಎಳಿಎಳಿ ಆಗಿತ್ತು. ಬ್ರೇಡ್ ಅಂದ್ರ ಕೂದಲಿನಂಥಾ ಎಳಿ ಹೆಣದದ್ದು. ಬಿಗಿಯಾಗಿದ್ದಾಗ ಕಲ್ಲಿಗೆ ತಾಗಿತಂದ್ರ ಒಂದೊಂದ ಎಳಿ ಕಡದು ಎಲ್ಲಾ ಹೋಗತೈತಿ. ಅವತ್ತಿಂದ ತುದಿಗೆ ಎರಡು ಮಾರು ದಪ್ಪ ತಂಗೂಸಿ ಲೀಡರ್ ಕಟ್ಟದ ನಾ ಹೊಳಿಗೆ ಇಳದಿಲ್ಲ. ಬಾಳೆ ಬಾಯಾಗ ಸಣ್ಣ ಹಲ್ಲಿನ ಸಾಲು ಬ್ರಶ್ಶಿನಂಗ ಇರತಾವು. ಗಾಳದ ಹತ್ರ ಒಂದು ಗೇಣು ತಂತಿ ಇದ್ರ ಇನ್ನೂ ಚಲೋ.

ಬಿದಿರು ಕೋಲು, ಧಾರವಾಡ
ಇಬ್ಬರೂ ದಾರದ ಬಗ್ಗೆ ಹೇಳಿದಿರಿ. ನಾನು ಮೀನಿನ ಬಾಯಿಯ ಬಗ್ಗೆ ಹೇಳುತ್ತೇನೆ. ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನು. ಐವತ್ತು ವರ್ಷದಿಂದ ಗಾಳ ಹಿಡಿದಿದ್ದೇನೆ, ರೀಲು ಬಂದದ್ದು ಕೊನೆಯ ಹದಿನೈದರಲ್ಲಿ.

ನಮ್ಮ ಕೆರೆಗಳಲ್ಲಿ ಬಿಟ್ಟು ಬೆಳೆಸುವ ಮೂರು ಗೆಂಡೆಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲದ ಬಾಯಿ ಕೆಳಕ್ಕಿದೆ, ಅದು ತಳದ ಕೆಸರನ್ನು ಕೆದಕುತ್ತದೆ. ಈ ಮೂರಕ್ಕೂ ತುಟಿಯೇ ಬಂಡವಾಳ, ದವಡೆಯಲ್ಲಿ ಹಲ್ಲಿಲ್ಲ. ರೋಹುವಿನ ತುಟಿಯಂತೂ ಹಣ್ಣಿನ ಸಿಪ್ಪೆಯ ಹಾಗೆ ಮೆತ್ತಗೆ. ಬಗ್ಗದ ಕೋಲು ಹಿಡಿದು ಝಾಡಿಸಿ ಎತ್ತಿದರೆ ತುಟಿ ಹರಿಯುತ್ತದೆ. ಮೀನು ತಪ್ಪಿಸಿಕೊಂಡಿತು ಎಂದು ನೀವು ಅಂದುಕೊಳ್ಳುತ್ತೀರಿ. ಅದು ಹರಿದ ಬಾಯಿಯಲ್ಲಿ ಹೋಗಿರುತ್ತದೆ. ಕೋಲು ಬಗ್ಗಬೇಕು. ಮೀನಿನ ಮೊದಲ ಹೊಡೆತವನ್ನು ನುಂಗುವುದು ಆ ಬಾಗು.

ಇನ್ನೊಂದು, ಕಚ್ಚಿದ್ದು ಗೊತ್ತಾಗಬೇಕಲ್ಲ? ರೋಹು ಕಣಕದ ಉಂಡೆಯನ್ನು ಗಬಕ್ಕನೆ ನುಂಗುವುದಿಲ್ಲ. ಬಾಯಿಗೆ ಎಳೆದುಕೊಂಡು, ಉಗುಳಿ, ಮತ್ತೆ ಎಳೆದುಕೊಳ್ಳುತ್ತದೆ. ಜೋಳದ ದಂಟಿನ ಒಳಗಿನ ಬೆಂಡನ್ನು ಬೆರಳುದ್ದ ಕತ್ತರಿಸಿ, ಕೆಳಗೆ ಸೀಸದ ಗುಂಡನ್ನು ಒಂದೊಂದಾಗಿ ಕಚ್ಚಿಸುತ್ತ ಹೋಗಿ. ನೀರಿನ ಮೇಲೆ ಕಡಲೆಕಾಳಿನಷ್ಟು ಮಾತ್ರ ಕಾಣುವ ಹಾಗೆ ನಿಲ್ಲಬೇಕು. ಆಗ ಮೀನು ಉಸಿರು ಬಿಟ್ಟರೂ ಬೆಂಡು ಹೇಳುತ್ತದೆ. ದಪ್ಪ ದಾರ, ದೊಡ್ಡ ಗುಂಡು, ಹೆಬ್ಬೆರಳಿನಂಥ ಬೆಂಡು ಹಾಕಿದರೆ ಮೀನು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ.

ಎರೆಗೆ ನಮ್ಮ ಸೀಮೆಯ ಶೇಂಗಾ ಹಿಂಡಿಯೇ ಸಾಕು. ರಾತ್ರಿ ನೆನೆಸಿಟ್ಟ ಹಿಂಡಿಗೆ ಗೋದಿ ಹಿಟ್ಟು ಕಲಸಿ, ಕಿವಿಯ ಹಾಲೆಯಷ್ಟು ಮೆದು ಆಗುವವರೆಗೆ ನಾದಿ. ಈ ನೆಲದಲ್ಲಿ ಇದು ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ, ಯಾವ ಮೀನಿಗೆ ಯಾವ ಆಹಾರ ಎಂಬ ವಿಚಾರವೂ ಅದರಲ್ಲಿ ಬರುತ್ತದೆ. ಅದೇ ಚಾಲುಕ್ಯರ ಕಾಲದ ಲಕ್ಕುಂಡಿ, ಗಳಗನಾಥದ ಗುಡಿಗಳನ್ನು ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಹಾನಗಲ್ ಮರಲ್
ಮಾಸ್ತರ ಹೇಳಿದ್ದು ಗೆಂಡಿಗೆ ಖರೆ. ಆದ್ರ ಕೊರವ, ನಾವು ಮರಲ್ ಅಂತೀವಲ್ಲ, ಅದಕ್ಕ ಇದು ಪೂರಾ ಉಲ್ಟಾ. ಹಾನಗಲ್ ಕಡೆ ಕೆರ್ಯಾಗ, ಗದ್ದಿ ಬದುವಿನ ಹೊಂಡದಾಗ ಒಂದು ಕೆಜಿ ಮರಲ್ ಹಿಡಿಯಾಕ ನಾ 40 ಪೌಂಡಿನ ಬ್ರೇಡ್, ಗಟ್ಟಿ ಕೋಲು ಒಯ್ಯತೀನಿ. ನೋಡಿದವರಿಗೆ ಜಾಸ್ತಿ ಆತು ಅನಸತೈತಿ. ಅದು ಇರೂದು ಅಂತರಗಂಗಿ ಕೆಳಗ. ಗಾಳ ಇರೂ ರಬ್ಬರ್ ಕಪ್ಪಿ ಎಲಿ ಮ್ಯಾಲೆ ಕುಣಸಕೊಂತ ಬಂದಾಗ ಎಲಿ ಒಡಕೊಂಡು ಮ್ಯಾಲೆ ಹಾರತೈತಿ. ಹಿಡಿದ ಕ್ಷಣಕ್ಕ ಅದರ ತಲಿ ಎತ್ತಿ ಎಲಿ ಮ್ಯಾಲೆ ಜಾರಿಸಿಕೊಂಡು ತರಬೇಕು. ಒಂದು ಸಲ ತಲಿ ಕೆಳಗ ಹಾಕಲಿಕ್ಕೆ ಬಿಟ್ರ, ಬೇರಿನ್ಯಾಗ ಸುತ್ತಿಕೊಂಡು ಐದು ಕೆಜಿ ಹುಲ್ಲಿನ ಜೊತಿ ನೀವು ಜಗ್ಗ್ಯಾಡಬೇಕು. ಮರಲ್ ದವಡಿ ಎಲುಬಿನದು, ಗಾಳ ಚುಚ್ಚಾಕೂ ಜೋರು ಬೇಕು. ಇಲ್ಲೆ ಕಲ್ಲಿಲ್ಲ, ಹಂಗಾಗಿ ಬ್ರೇಡ್ ಹರಿಯೂದಿಲ್ಲ. ಮೆತ್ತನ ದಂಟನ್ನ ಅದ ಕೊಯ್ಕೊಂಡು ಬರತೈತಿ.

ಒಂದು ಮಾತು ಎಲ್ಲಾರಿಗೂ ಕೈಮುಗದು ಹೇಳತೀನಿ. ಮಳಿಗಾಲದಾಗ ನೀರಿನ ಮ್ಯಾಲೆ ಕೆಂಪಗ ಹಿಡಿ ಗಾತ್ರದ ಮರಿ ಗುಂಪು ಕುದ್ದಂಗ ಕಾಣತೈತಿ. ಅದರ ಕೆಳಗ ತಾಯಿ ತಂದಿ ಕಾಯ್ತಿರತಾವು. ಆಗ ಕಪ್ಪಿ ಒಗದ್ರ ಹಸಿವಿಲ್ಲದಿದ್ರೂ ಬಡೀತಾವು, ಮರಿ ಕಾಯಾಕ. ಕಾಯೂದನ್ನ ಹಿಡದ್ರ ಒಂದು ತಾಸಿನ್ಯಾಗ ಜಿಲೇಬಿ ಮೀನ, ಬ್ಯಾರೆ ಮೀನ ಬಂದು ಮರಿ ಎಲ್ಲಾ ಮುಗಸತಾವು. ನನ್ನ ಕಣ್ಣ ಮುಂದ ಆಗೈತಿ ಅದು. ಬ್ಯಾಡ್ರಿ.

ಉಣಕಲ್ ಹುಡುಗ
ಎಲ್ಲಾರ ಮಾತೂ ಎರಡೆರಡ ಸಲ ಓದಿದೆ. ಈಗ ಎರಡು ಪ್ರಶ್ನೆ. ಡ್ರ್ಯಾಗ್ ಸರಿ ಇರಬೇಕು ಅಂದ್ರಿ, ಸರಿ ಅಂದ್ರ ಎಷ್ಟು, ಹೆಂಗ ನೋಡೂದು? ಎರಡನೇದು, ಕೆರಿ ದಂಡಿಗೆ ಆಪು, ನಡಬರಕ ಬಯಲು, ಹೊಳಿ ಪೂರಾ ಬಯಲು. ಒಂದ ಕೋಲಿನ್ಯಾಗ ಇವೆಲ್ಲಾ ಹೆಂಗ?

ವರದೆಯ ದಂಡಿ
ಡ್ರ್ಯಾಗ್ ಅಂದ್ರ, ಮೀನ ಇಷ್ಟು ಜಗ್ಗಿದ ಮ್ಯಾಲೆ ರೀಲು ತಾನ ದಾರ ಬಿಡಬೇಕು ಅನ್ನೂ ಬಿಗಿ. ದಾರದ ತಾಕತ್ತಿನ ಕಾಲು ಭಾಗಕ್ಕ ಇಡ್ರಿ, ಭಾಳಂದ್ರ ಮೂರನೇ ಒಂದು ಭಾಗ. 10 ಪೌಂಡ್ ಅಂದ್ರ ನಾಲ್ಕೂವರಿ ಕೆಜಿ, ಕಾಲು ಭಾಗ 1.1 ಕೆಜಿ. ಇದನ್ನ ಕೈ ಅಂದಾಜಿನ್ಯಾಗ ಮಾಡಬ್ಯಾಡ್ರಿ, ಎಲ್ಲಾರ ಕೈಯೂ ಸುಳ್ಳು ಹೇಳತೈತಿ. ಸಂತ್ಯಾಗ ಕಾಯಿಪಲ್ಲೆ ತೂಗೂ ಸ್ಪ್ರಿಂಗಿನ ಕೊಕ್ಕಿ ತಕ್ಕಡಿ ಇರತೈತಲ್ಲ, ಅದನ್ನ ತರ್ರಿ. ದಾರ ಕೋಲಿನ ಉಂಗುರದಾಗ ಹಾಯಿಸಿ ತಕ್ಕಡಿ ಕೊಕ್ಕಿಗೆ ಕಟ್ರಿ. ನೀವು ಕೋಲು ಅರ್ಧ ಎತ್ತಿ ಹಿಡೀರಿ, ಇನ್ನೊಬ್ಬರು ತಕ್ಕಡಿ ಹಿಡದು ಸಾವಕಾಶ ಹಿಂದಕ್ಕ ನಡೀಲಿ. ಮುಳ್ಳು ಒಂದು ಕೆಜಿ ದಾಟಿದ ಕೂಡ್ಲೆ ರೀಲು ಕರ್ರಂತ ದಾರ ಬಿಡಬೇಕು. ಬಿಡಲಿಲ್ಲಂದ್ರ ಸಡಲ ಮಾಡ್ರಿ. ನಮ್ಮ ಮನ್ಯಾಗ ಹಿತ್ತಲದಾಗ ಮಗಳು ತಕ್ಕಡಿ ಹಿಡೀತಾಳ, ಮುಳ್ಳು ಓದಿ ಕೂಗತಾಳ. ಈ ಕೆಲಸ ಮಾಡದ ಹೊಳಿಗೆ ಹೋಗೂದಿಲ್ಲ.

ಗಂಟು ಬಿಗಿಯೂ ಮುಂದ ಉಗುಳು ಹಚ್ಚಿ ತೊಯ್ಸ್ರಿ. ಒಣ ತಂಗೂಸಿ ಬಿಗದ್ರ ತಿಕ್ಕಾಟದ ಕಾವಿಗೆ ಗಂಟಿನ್ಯಾಗ ಸುಟ್ಟಂಗ ಆಗಿ ಅರ್ಧ ಬಲ ಅಲ್ಲೆ ಹೋಗಬಹುದು. ಗೆಳ್ಯಾನ 6 ಪೌಂಡ್ ಹರದದ್ದು ಎಲ್ಲೆ ಅಂತ ನೋಡಿದ್ರೇನು? ತುದಿ ಸುರುಳಿ ಸುತ್ತಿಕೊಂಡಿದ್ರ ಅದು ಗಂಟಿನ ತಪ್ಪು, ಆಪಿನದಲ್ಲ.

ಒಂದ ಕೋಲಿನ ಪ್ರಶ್ನೆಗೆ ನನ್ನ ಉತ್ತರ: ನಡುವಿನ ಕೋಲು ತಗೀರಿ, ರೀಲಿಗೆ ಎರಡು ದಾರದ ಉರುಳಿ ಇಟ್ಕೊಳ್ರಿ. ಕೋಲು ಬದಲಾಗಬೇಕಿಲ್ಲ, ದಾರ ಬದಲಾದ್ರ ಸಾಕು.

ಮುಂಡರಗಿಯ ಹೊಳೆ
ನಡುವಿನ ಕೋಲು ಅಂದ್ರ ಎರಡೂ ಕೆಲಸಕ್ಕ ಅರ್ಧ ಅಂತ ನನಗ ಅನಸತೈತಿ. ಹಗುರದಾಗ ಮೀನ ತರೂದರ ಬಗ್ಗೆ ಹೆಮ್ಮಿ ಪಡೂದೂ ನನಗ ಸೇರೂದಿಲ್ಲ, ಸಿಟ್ಟಾಗಬ್ಯಾಡ್ರಿ. ಏಪ್ರಿಲ್, ಮೇ ತಿಂಗಳದಾಗ ಮಡುವಿನ ನೀರು ಕಾದಿರತೈತಿ. ಕಾದ ನೀರಿನ್ಯಾಗ ಪ್ರಾಣವಾಯು ಕಡಿಮಿ. ಅಲ್ಲೆ ಇಪ್ಪತ್ತು ನಿಮಿಷ ಆಡಿಸಿ, ಮೀನ ಮಗ್ಗಲಾಗಿ ತೇಲೂ ಹಂಗ ಮಾಡಿ, ಫೋಟೊ ತಗದು ಬಿಟ್ರ, ಅದು ಹೋಗೂದು ನಮಗ ಕಾಣತೈತಿ, ಉಳಿಯೂದು ಕಾಣೂದಿಲ್ಲ. ದಣಿದ ಮೀನದ ಮೈಯಾಗ ಆಮ್ಲ ತುಂಬಿರತೈತಿ, ಸುಧಾರಸ್ಕೊಳ್ಳಾಕ ಭಾಳ ತಾಸು ಬೇಕು. ಬಿಡೂ ಮನಸಿದ್ರ ಗಟ್ಟಿ ದಾರದಾಗ ಐದು ನಿಮಿಷಕ್ಕ ತಂದು, ಕೈ ತೊಯ್ಸಿಕೊಂಡು ಹಿಡದು, ನೀರಿನ್ಯಾಗನ ಗಾಳ ಬಿಡಸ್ರಿ.

ವರದೆಯ ದಂಡಿ
ಸಿಟ್ಟ್ಯಾಕ್ರಿ, ಖರೆನ ಹೇಳಿದ್ರಿ. ಬ್ಯಾಸಗ್ಯಾಗ 6 ಪೌಂಡಿನ ಉರುಳಿ ಮನ್ಯಾಗ ಇಡತೀನಿ ಇನ್ನ ಮ್ಯಾಲೆ. ಆದ್ರ 10 ಪೌಂಡಿನ ದಾರ, ಬಗ್ಗೂ ಕೋಲು, ಸರಿ ಡ್ರ್ಯಾಗ್ ಇದ್ರ ಎರಡು ಕೆಜಿ ರೋಹು ಆರೇಳು ನಿಮಿಷಕ್ಕ ದಂಡಿಗೆ ಬರತೈತಿ. ಇಪ್ಪತ್ತು ನಿಮಿಷ ತಗೊಳ್ಳೂದು ಹಗುರ ಕೋಲಲ್ಲ, ಹೆದರಿ ಡ್ರ್ಯಾಗ್ ಸಡಲ ಬಿಟ್ಟಂವ. ನೀವು ಬಂಡಿಗಲ್ಲಿನ ಹೊಳ್ಯಾಗ ನಿಂತು ಮಾತಾಡತೀರಿ, ನಾ ಉಸುಕಿನ ಹೊಳ್ಯಾಗ. ಗಳಗನಾಥದಾಗ ನನ್ನ ಹೊಳಿ ನಿಮ್ಮ ಹೊಳಿಗೆ ಕೂಡತೈತಿ, ನಾವೂ ಅಲ್ಲೆ ಒಮ್ಮೆ ಕೂಡೂಣು.

ಗದಗ ಎರೆಮಣ್ಣು
ಯಾರೂ ಹೇಳದ ಒಂದು ವಿಷಯ. ಕಾರ್ಬನ್ ಕೋಲಿನೊಳಗೆ ಕರೆಂಟು ಹರಿಯುತ್ತದೆ. ನಮ್ಮ ಹೊಳೆದಂಡೆಯ ತುಂಬ ಪಂಪ್‌ಸೆಟ್ ಲೈನುಗಳು, ಕೆಲವು ಕಡೆ ಜೋತುಬಿದ್ದು ಕೈಗೆ ಸಿಗುವಷ್ಟು ಕೆಳಗಿವೆ. ನಾಲ್ಕು ವರ್ಷದ ಹಿಂದೆ ಮಲಪ್ರಭೆಯ ದಂಡೆಯಲ್ಲಿ ನಾನು ಗಾಳ ಒಗೆಯಲು ಕೋಲನ್ನು ಹಿಂದಕ್ಕೆ ಬೀಸಿದೆ. ಹಿಂದೆ ದನ ಮೇಯಿಸುತ್ತಿದ್ದ ಅಜ್ಜಿ ಚೀರಿದಳು. ಕೈ ಅಲ್ಲೇ ನಿಂತಿತು. ತಿರುಗಿ ನೋಡಿದರೆ ಕೋಲಿನ ತುದಿಗೂ ತಂತಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಅಂದಿನಿಂದ ದಂಡೆಗೆ ಹೋದ ಕೂಡಲೇ ಮೊದಲು ಆಕಾಶ ನೋಡುತ್ತೇನೆ, ಆಮೇಲೆ ನೀರು. ಗುಡುಗು ಕೇಳಿದರೆ ಕೋಲು ನೆಲಕ್ಕಿಟ್ಟು ದೂರ ಹೋಗುತ್ತೇನೆ. ಹೊಸಬರಿಗೆ ಫೈಬರ್ ಗ್ಲಾಸಿನ ಕೋಲೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಸ್ವಲ್ಪ ಭಾರ, ಸ್ವಲ್ಪ ಮಂದ, ಆದರೆ ಕಲ್ಲಿಗೆ ಬಡಿದರೂ ಬೇಗ ಮುರಿಯುವುದಿಲ್ಲ, ಕರೆಂಟಿಗೂ ಕಾರ್ಬನ್‌ನಷ್ಟು ದಾರಿ ಕೊಡುವುದಿಲ್ಲ. ಹಾಗಂತ ಒದ್ದೆ ಕೋಲು, ಒದ್ದೆ ದಾರವನ್ನು ಲೈನಿನ ಹತ್ತಿರ ಒಯ್ಯಬೇಡಿ.

ಹರಿದ ದಾರವನ್ನು ದಂಡೆಗೆ ಬಿಸಾಡಬೇಡಿ. ತಂಗೂಸಿ ವರ್ಷಗಟ್ಟಲೆ ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ನಮ್ಮ ಮಾಗಡಿ ಕೆರೆಗೆ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಅಲ್ಲಿ ಗಾಳದ ಯೋಚನೆಯೇ ಬೇಡ. ಆದರೆ ಆ ಹಕ್ಕಿಗಳು ಸುತ್ತಲಿನ ಹೊಲ, ಕೆರೆಗಳಿಗೂ ಹೋಗುತ್ತವೆ. ನಾನು ಒಂದು ಡಬ್ಬಿ ಇಟ್ಟುಕೊಂಡಿದ್ದೇನೆ, ತುಂಡು ದಾರವೆಲ್ಲ ಅದರೊಳಗೆ.

ಹಾನಗಲ್ ಮರಲ್
ಹುಬ್ಬಳ್ಳಿಯವರು ಕೆರಿಗೆ ಯಾರನ್ನ ಕೇಳಿ ಹೋಗತೀರಿ? ಭಾಳ ಕೆರಿ ಮೀನುಗಾರರ ಸಹಕಾರ ಸಂಘಕ್ಕ ಗುತ್ತಿಗಿ ಕೊಟ್ಟಿರತಾರ, ಅವರು ಮರಿ ಬಿಟ್ಟಿರತಾರ, ಅದು ಅವರ ಬೆಳಿ. ಮೊದಲು ಅವರನ್ನ ಕಂಡು ಬರ್ರಿ. ಯಾವ ದಂಡ್ಯಾಗ ಏನೈತಿ ಅನ್ನೂದು ಅವರಿಗೆ ಗೊತ್ತಿದ್ದಷ್ಟು ನಮಗ್ಯಾರಿಗೂ ಗೊತ್ತಿಲ್ಲ.

ಬಿದಿರು ಕೋಲು, ಧಾರವಾಡ
ಕೋಲು ಕೊಳ್ಳುವಾಗ ಹಿಡಿಕೆಯ ಮೇಲಿನ ಬರಹ ಓದಿ. ಎಷ್ಟು ಗ್ರಾಂ ಒಗೆಯಬಹುದು, ಎಷ್ಟು ಪೌಂಡಿನ ದಾರ ಎಂದು ಬರೆದಿರುತ್ತಾರೆ. ಅಂಗಡಿಯವರು ಹೇಳಿದ ದಪ್ಪ ಕೋಲು 5 ಗ್ರಾಮಿನ ಬೆಂಡನ್ನು ಒಗೆಯಲಾರದು, ಯಾಕೆಂದರೆ ಅಷ್ಟು ಭಾರಕ್ಕೆ ಅದು ಬಗ್ಗುವುದೇ ಇಲ್ಲ. ಹಾಗೆಯೇ ಹಗುರ ಕೋಲಿಗೆ 40 ಪೌಂಡಿನ ದಾರ ಹಾಕಿ ಡ್ರ್ಯಾಗ್ ಬಿಗಿದರೆ ದಾರ ಉಳಿಯುತ್ತದೆ, ಕೋಲು ಮುರಿಯುತ್ತದೆ. ಮೀನು ಕಾಲ ಹತ್ತಿರ ಬಂದಾಗ ಕೋಲನ್ನು ತಲೆಯ ಹಿಂದಕ್ಕೆ ಎತ್ತಬೇಡಿ, ಆಗ ಭಾರವೆಲ್ಲ ತುದಿಯ ಒಂದು ಗೇಣಿಗೆ ಬೀಳುತ್ತದೆ.

ಗಾಳದ ಅಂಕಿಯಲ್ಲೂ ಮೋಸ ಹೋಗಬೇಡಿ. 10ಕ್ಕಿಂತ 6 ದೊಡ್ಡದು, 6ಕ್ಕಿಂತ 1 ದೊಡ್ಡದು. ಕಣಕದ ಉಂಡೆಗೆ, ರೋಹುವಿಗೆ 6 ಅಥವಾ 8 ಸಾಕು.

ಉಣಕಲ್ ಹುಡುಗ
ಮೂರು ವಾರ ಆದ ಮ್ಯಾಲೆ ಬರ್ಯಾಕತ್ತೇನಿ. 7 ಫೂಟಿನ ಫೈಬರ್ ಗ್ಲಾಸ್ ಕೋಲು ತಗೊಂಡೆ, 10 ರಿಂದ 30 ಗ್ರಾಂ ಒಗಿಯೂವಂಥಾದ್ದು. ರೀಲ್ 3000 ಸೈಜು, ಎರಡು ಉರುಳಿ. ಒಂದಕ್ಕ 10 ಪೌಂಡ್ ತಂಗೂಸಿ. ಇನ್ನೊಂದಕ್ಕ 20 ಪೌಂಡಿನ ಬ್ರೇಡ್, ಬುಡಕ್ಕ ಒಂದಿಷ್ಟು ತಂಗೂಸಿ ಸುತ್ತಿ ಅದರ ಮ್ಯಾಲೆ ಹಾಕೇನಿ, ಇಲ್ಲಂದ್ರ ಬ್ರೇಡ್ ಉರುಳಿ ಮ್ಯಾಲೆ ಜಾರಿ ತಿರಗತೈತಿ.

ತಕ್ಕಡಿ ಕೆಲಸ ಮಾಡಿದೆ. ನನ್ನ ಅಂದಾಜಿನ್ಯಾಗ ಒಂದು ಕೆಜಿ ಅಂತ ಬಿಗದದ್ದು ತಕ್ಕಡ್ಯಾಗ 2.6 ಕೆಜಿ ಬಂತು. ಗೆಳ್ಯಾನ ಕೋಲಿನ 6 ಪೌಂಡಿನ ದಾರಕ್ಕೂ ಹಂಗ ಬಿಗದಿದ್ದೆ ಅಂದ್ರ, ಅದು ಹರಿಯೂದ ಇತ್ತು. ಅವನ ದಾರದ ತುದೀನೂ ನೋಡಿದೆ, ಬಿಚ್ಚದ ಹಂಗ ಇಟ್ಟಿದ್ದ. ತುದಿ ಸುರುಳಿ ಸುತ್ತಿತ್ತು.

ನಿನ್ನೆ ವರದೆಗೆ ಹೋಗಿದ್ದೆ. ತಂಗೂಸಿ, ಜೋಳದ ಬೆಂಡು, 8ರ ಗಾಳ, ಹಿಂಡಿ. ಎರಡು ತಾಸು ಏನಿಲ್ಲ. ಹೊತ್ತು ಇಳಿಯೂಮುಂದ ಬೆಂಡು ಎರಡ ಸಲ ಉಸಿರಾಡಿದಂಗ ಮಾಡ್ತು, ಮಾಸ್ತರ ಹೇಳಿದ್ದು ನೆನಪಾಗಿ ಎತ್ತಲಿಲ್ಲ. ಮೂರನೇ ಸಲ ಅಡ್ಡ ಹೊಂಟಿತು, ಬರೇ ಮಣಿಕಟ್ಟು ಎತ್ತಿದೆ. ಕೋಲು ಅರ್ಧ ಬಗ್ಗಿ ರೀಲು ಕರ್ರಂದಾಗ ಕೈ ತಾನ ಡ್ರ್ಯಾಗ್ ಬಿಗಿಯಾಕ ಹೋತು, ತಡದೆ. ಮೂರು ಸಲ ಓಡಿತು. ದಂಡಿಗೆ ತಂದಾಗ ಒಂದೂವರಿ ಕೆಜಿ ಆಸುಪಾಸಿನ ರೋಹು, ಗಾಳ ತುಟಿ ಮೂಲ್ಯಾಗ ಸಣ್ಣಗ ಸಿಕ್ಕಿತ್ತು, ಹರದಿರಲಿಲ್ಲ. ಕೈ ತೊಯ್ಸಿಕೊಂಡು ನೀರಾಗನ ಬಿಡಸಿದೆ. ಬೀಗರ ಮನಿಯವರು ಸಾರಿಗೆ ಅಂತ ಕಾಯ್ತಿದ್ರು, ಅವರಿಗೆ ಹೇಳಿಲ್ಲ ಇನ್ನೂ.

ಮುಂದಿನ ಐತವಾರ ಕಲಘಟಗಿ ಕೆರಿಗೆ, ಬ್ರೇಡಿನ ಉರುಳಿ ಹಾಕ್ಕೊಂಡು, ಆ ಆಪಿನ ದಂಡಿಗೆ. ಸಂಘದವರನ್ನ ಕಂಡು ಬಂದೇನಿ. ಮೂಡಗಡೆ ದಂಡ್ಯಾಗ ಆಪು ತೆಳ್ಳಗೈತಿ, ಅಲ್ಲೆ ಕುಂಡ್ರು ಅಂದಾರ.

ಹಾನಗಲ್ ಮರಲ್
ಮೂಡಗಡೆ ದಂಡಿ ಅಂದ್ರ ಸಂಜಿಮುಂದ ಬಿಸಲು ಎದುರಿಗೆ ಬರತೈತಿ. ಟೊಪ್ಪಿಗಿ ಒಯ್ರಿ. ಬ್ರೇಡ್ ತುದಿಗೆ ಒಂದು ಮಾರು 20 ಪೌಂಡಿನ ತಂಗೂಸಿ ಕಟ್ಟೂದು ಮರೀಬ್ಯಾಡ್ರಿ, ಗಂಟಿಗೆ ಉಗುಳು ಹಚ್ಚೂದೂ.